ಟ್ರೇಲರ್‌ನ ಹೊರೆ ಸಮತೋಲನ

ಟ್ರೇಲರ್‌ನ ಹೊರೆ ಸಮತೋಲನ ಎಂದರೆ ಮೋಟಾರು ವಾಹನದ ಹಿಂದೆ ಜೋಡಿಸಿ ಎಳೆಯುವ ಟ್ರೇಲರ್‌ನಲ್ಲಿ ಸರಕನ್ನು ಉದ್ದ, ಅಗಲ ಮತ್ತು ಎತ್ತರ ಎಂಬ ಮೂರೂ ದಿಕ್ಕುಗಳಲ್ಲಿ ಸೂಕ್ತವಾಗಿ ಹಂಚುವ ಕ್ರಮ. ಟ್ರೇಲರ್‌ನ ಒಟ್ಟು ತೂಕವು ಅನುಮತಿಸಿದ ಮಿತಿಯೊಳಗೇ ಇದ್ದರೂ ಹೊರೆಯ ಗುರುತ್ವ ಕೇಂದ್ರವು ತಪ್ಪು ಜಾಗದಲ್ಲಿದ್ದರೆ ಟ್ರೇಲರ್ ವೇಗದಲ್ಲಿ ಓಲಾಡಬಹುದು, ತಿರುವಿನಲ್ಲಿ ಮಗುಚಬಹುದು ಅಥವಾ ಎಳೆಯುವ ವಾಹನದ ಮುಂದಿನ ಚಕ್ರಗಳು ನೆಲದ ಹಿಡಿತ ಕಳೆದುಕೊಳ್ಳುವಂತೆ ಮಾಡಬಹುದು. ಆದುದರಿಂದ ಎಷ್ಟು ತೂಕ ಹೇರಲಾಗಿದೆ ಎಂಬುದರಷ್ಟೇ ಆ ತೂಕ ಎಲ್ಲಿ ಕುಳಿತಿದೆ ಎಂಬುದೂ ಸುರಕ್ಷತೆಯನ್ನು ನಿರ್ಧರಿಸುತ್ತದೆ.

ಕಾರಿನ ಹಿಂದೆ ಎಳೆಯುವ ಸಣ್ಣ ಟ್ರೇಲರ್, ಕ್ಯಾರವಾನ್, ಮತ್ತೊಂದು ವಾಹನವನ್ನೇ ಹೊತ್ತೊಯ್ಯುವ ಟ್ರೇಲರ್, ಟ್ರ್ಯಾಕ್ಟರ್‌ನ ಕೃಷಿ ಟ್ರೇಲರ್ ಇವೆಲ್ಲಕ್ಕೂ ಒಂದೇ ಭೌತಿಕ ತತ್ತ್ವ ಅನ್ವಯಿಸುತ್ತದೆ. ಶಿಫಾರಸು ಮಾಡಲಾಗುವ ಪ್ರಮಾಣಗಳು ಮಾತ್ರ ಟ್ರೇಲರ್‌ನ ಬಗೆಯನ್ನೂ ದೇಶದ ರೂಢಿಯನ್ನೂ ಅನುಸರಿಸಿ ಬದಲಾಗುತ್ತವೆ.

## ಪಾರಿಭಾಷಿಕ ಪದಗಳು

* ಅಚ್ಚು: ಚಕ್ರಗಳನ್ನು ಹೊತ್ತ ಅಡ್ಡದಂಡ, ಆಕ್ಸಲ್. ಸಣ್ಣ ಟ್ರೇಲರ್‌ಗಳಲ್ಲಿ ಒಂದು ಅಚ್ಚು ಇರುತ್ತದೆ. ದೊಡ್ಡವುಗಳಲ್ಲಿ ಹತ್ತಿರ ಹತ್ತಿರ ಕೂರಿಸಿದ ಎರಡು ಅಥವಾ ಮೂರು ಅಚ್ಚುಗಳಿರಬಹುದು.
* ಕೊಂಡಿ: ಎಳೆಯುವ ವಾಹನ ಮತ್ತು ಟ್ರೇಲರ್ ಸೇರುವ ಜಾಗ. ಕಾರುಗಳಲ್ಲಿ ಇದು ಸಾಮಾನ್ಯವಾಗಿ ಚೆಂಡಿನಾಕಾರದ ಲೋಹದ ಗುಂಡು. ಯುರೋಪಿನಲ್ಲಿ ಬಳಕೆಯಲ್ಲಿರುವ ಗುಂಡಿನ ವ್ಯಾಸ 50 ಮಿ.ಮೀ. ಟ್ರ್ಯಾಕ್ಟರ್‌ಗಳಲ್ಲಿ ಪಿನ್ನು ತೂರಿಸುವ ಕೊಂಡಿ ರೂಢಿಯಲ್ಲಿದೆ.
* ಕೊಂಡಿಭಾರ: ಟ್ರೇಲರ್‌ನ ಮುಂತುದಿಯು ಕೊಂಡಿಯ ಮೇಲೆ ಕೆಳಮುಖವಾಗಿ ಒತ್ತುವ ಭಾರ. ಇದನ್ನು ಅಮೆರಿಕದಲ್ಲಿ ಟಂಗ್ ವೇಟ್ ಎಂದೂ ಬ್ರಿಟನ್‌ನಲ್ಲಿ ನೋಸ್ ವೇಟ್ ಎಂದೂ ಕರೆಯುತ್ತಾರೆ.
* ಒಟ್ಟು ತೂಕ: ಖಾಲಿ ಟ್ರೇಲರ್ ಮತ್ತು ಅದರ ಮೇಲಿನ ಸರಕು ಸೇರಿದ ತೂಕ.

## ತತ್ತ್ವ

ಒಂದೇ ಅಚ್ಚಿನ ಟ್ರೇಲರ್ ಒಂದು ಸನ್ನೆಕೋಲಿನಂತೆ ವರ್ತಿಸುತ್ತದೆ. ಅಚ್ಚು ಅದರ ಆನಿಕೆ. ಕೊಂಡಿ ಅದರ ಒಂದು ತುದಿ. ಗುರುತ್ವ ಕೇಂದ್ರವು ಅಚ್ಚಿನ ನೇರ ಮೇಲಿದ್ದರೆ ಪೂರ್ತಿ ತೂಕವನ್ನು ಚಕ್ರಗಳೇ ಹೊರುತ್ತವೆ ಮತ್ತು ಕೊಂಡಿಭಾರ ಸೊನ್ನೆಯಾಗುತ್ತದೆ. ಗುರುತ್ವ ಕೇಂದ್ರ ಅಚ್ಚಿಗಿಂತ ಮುಂದಿದ್ದರೆ ಕೊಂಡಿ ಕೆಳಕ್ಕೆ ಒತ್ತಲ್ಪಡುತ್ತದೆ. ಹಿಂದಿದ್ದರೆ ಮೇಲಕ್ಕೆ ಎತ್ತಲ್ಪಡುತ್ತದೆ. ಇದರ ಲೆಕ್ಕ ಸರಳವಾಗಿದೆ:

ಕೊಂಡಿಭಾರ = ಒಟ್ಟು ತೂಕ × (ಅಚ್ಚಿನಿಂದ ಗುರುತ್ವ ಕೇಂದ್ರ ಇರುವ ಮುಂದಿನ ದೂರ ÷ ಅಚ್ಚಿನಿಂದ ಕೊಂಡಿಗೆ ಇರುವ ದೂರ)

ಅಚ್ಚಿನಿಂದ ಕೊಂಡಿಗೆ 3 ಮೀಟರ್ ದೂರವಿರುವ, 1000 ಕೆ.ಜಿ. ಒಟ್ಟು ತೂಕದ ಟ್ರೇಲರ್‌ನ ಗುರುತ್ವ ಕೇಂದ್ರವು ಅಚ್ಚಿಗಿಂತ 30 ಸೆಂ.ಮೀ. ಮುಂದಿದ್ದರೆ ಕೊಂಡಿಭಾರ 100 ಕೆ.ಜಿ., ಅಂದರೆ ಒಟ್ಟು ತೂಕದ ಶೇ. 10. ಅದೇ ಕೇಂದ್ರ 15 ಸೆಂ.ಮೀ. ಹಿಂದಿದ್ದರೆ ಕೊಂಡಿಯ ಮೇಲೆ 50 ಕೆ.ಜಿ.ಯಷ್ಟು ಮೇಲ್ಮುಖ ಎಳೆತ ಉಂಟಾಗುತ್ತದೆ. ಈ ಟ್ರೇಲರ್‌ನಲ್ಲಿ 200 ಕೆ.ಜಿ. ತೂಕದ ಒಂದು ಪೆಟ್ಟಿಗೆಯನ್ನು 1 ಮೀಟರ್ ಹಿಂದಕ್ಕೆ ಸರಿಸಿದರೆ ಕೊಂಡಿಭಾರ ಸುಮಾರು 67 ಕೆ.ಜಿ. ಇಳಿಯುತ್ತದೆ. ಒಟ್ಟು ತೂಕದಲ್ಲಿ ಒಂದು ಕಿಲೋ ವ್ಯತ್ಯಾಸವಾಗದೆಯೂ ಸ್ಥಿರವಾಗಿದ್ದ ಟ್ರೇಲರ್ ಅಸ್ಥಿರವಾಗಬಹುದೆಂಬುದನ್ನು ಈ ಲೆಕ್ಕ ತೋರಿಸುತ್ತದೆ.

ಎರಡು ಚಕ್ರದ ಎತ್ತಿನ ಗಾಡಿಯಲ್ಲಿಯೂ ಇದೇ ತತ್ತ್ವವಿದೆ. ಹೊರೆ ಅಚ್ಚಿಗಿಂತ ತೀರ ಮುಂದಕ್ಕೆ ಬಿದ್ದರೆ ಗಾಡಿ ‘ಮುಂಭಾರ’ವಾಗಿ ನೊಗವು ಎತ್ತುಗಳ ಹೆಗಲನ್ನು ಒತ್ತುತ್ತದೆ. ಹಿಂದಕ್ಕೆ ಬಿದ್ದರೆ ‘ಹಿಂಭಾರ’ವಾಗಿ ಮೂಕಿ ಮೇಲೇಳುತ್ತದೆ ಮತ್ತು ಎತ್ತುಗಳ ಕೊರಳಿಗೆ ಕಟ್ಟಿದ ಹಗ್ಗ ಬಿಗಿಯುತ್ತದೆ. ಏರು ಹತ್ತುವಾಗ ಗಾಡಿ ಹೊಡೆಯುವವರು ಮುಂದಕ್ಕೆ ಸರಿದು ಕೂರುವುದು ಮತ್ತು ಇಳಿಜಾರಿನಲ್ಲಿ ಹಿಂದಕ್ಕೆ ಸರಿಯುವುದು ಇದೇ ಕಾರಣಕ್ಕೆ. ಎತ್ತಿನ ಗಾಡಿಯಲ್ಲಿ ತಪ್ಪು ಹೊರೆಯನ್ನು ಎತ್ತುಗಳು ಕೂಡಲೇ ತೋರಿಸಿಕೊಡುತ್ತವೆ. ಮೋಟಾರು ವಾಹನದಲ್ಲಿ ಅದು ವೇಗ ಹೆಚ್ಚಾಗುವವರೆಗೆ ಗಮನಕ್ಕೆ ಬಾರದಿರಬಹುದು.

## ಶಿಫಾರಸು ಮಾಡಲಾದ ಕೊಂಡಿಭಾರ

| ಟ್ರೇಲರ್‌ನ ಬಗೆ | ಒಟ್ಟು ತೂಕದಲ್ಲಿ ಕೊಂಡಿಭಾರದ ಪಾಲು |
|---|---|
| ಗುಂಡು ಕೊಂಡಿಯ ಸಾಮಾನ್ಯ ಟ್ರೇಲರ್ (ಅಮೆರಿಕದ ರೂಢಿ) | ಶೇ. 10ರಿಂದ 15 |
| ಕ್ಯಾರವಾನ್ (ಬ್ರಿಟನ್‌ನ ರೂಢಿ) | ಶೇ. 5ರಿಂದ 7 |
| ಗೂಸ್‌ನೆಕ್ ಮತ್ತು ಫಿಫ್ತ್ ವೀಲ್ ಟ್ರೇಲರ್ (ಅಮೆರಿಕದ ರೂಢಿ) | ಶೇ. 15ರಿಂದ 25 |
| ಮುಂದೆಯೂ ಹಿಂದೆಯೂ ಅಚ್ಚು ಇರುವ ನಾಲ್ಕು ಚಕ್ರದ ಟ್ರೇಲರ್ | ಬಹುಮಟ್ಟಿಗೆ ಇಲ್ಲ |

ಗೂಸ್‌ನೆಕ್ ಮತ್ತು ಫಿಫ್ತ್ ವೀಲ್ ಟ್ರೇಲರ್‌ಗಳ ಕೊಂಡಿಯು ವಾಹನದ ಹಿಂತುದಿಯಲ್ಲಿರದೆ ಹಿಂದಿನ ಅಚ್ಚಿನ ಮೇಲೆ ಅಥವಾ ಅದರ ತುಸು ಮುಂದೆ ಇರುವುದರಿಂದ ಹೆಚ್ಚಿನ ಭಾರವನ್ನು ತಾಳಬಲ್ಲದು. ಅಮೆರಿಕ ಮತ್ತು ಬ್ರಿಟನ್‌ಗಳ ಅಂಕಿಗಳ ನಡುವಣ ಅಂತರಕ್ಕೆ ವಾಹನಗಳ ಗಾತ್ರ, ಕೊಂಡಿಯ ಧಾರಣಶಕ್ತಿ ಮತ್ತು ವೇಗಮಿತಿಗಳು ಕಾರಣ. ಯುರೋಪಿನ ಅನೇಕ ಕಾರುಗಳ ಕೊಂಡಿಗೆ 75ರಿಂದ 100 ಕೆ.ಜಿ. ಗರಿಷ್ಠ ಭಾರವನ್ನಷ್ಟೇ ಅನುಮತಿಸಲಾಗುತ್ತದೆ. ಬ್ರಿಟನ್‌ನ ಮೋಟಾರ್‌ವೇಗಳಲ್ಲಿ ಕ್ಯಾರವಾನ್ ಎಳೆಯುವ ಕಾರಿನ ವೇಗಮಿತಿ ಗಂಟೆಗೆ 60 ಮೈಲಿ (ಸುಮಾರು 97 ಕಿ.ಮೀ.). ಜರ್ಮನಿಯಲ್ಲಿ ವಿಶೇಷ ಅನುಮತಿ ಇಲ್ಲದಿದ್ದರೆ ಅದು ಗಂಟೆಗೆ 80 ಕಿ.ಮೀ.

ವಾಹನ, ಕೊಂಡಿ ಮತ್ತು ಟ್ರೇಲರ್ ಮೂರಕ್ಕೂ ತಯಾರಕರು ಪ್ರತ್ಯೇಕ ಮಿತಿಗಳನ್ನು ಸೂಚಿಸಿರುತ್ತಾರೆ. ಅವುಗಳಲ್ಲಿ ಅತಿ ಕಡಿಮೆಯಾದುದನ್ನು ಜೋಡಣೆಯ ಮಿತಿಯೆಂದು ಪರಿಗಣಿಸಬೇಕು.

## ಎಳೆಯುವ ವಾಹನದ ಮೇಲಿನ ಪರಿಣಾಮ

ಕೊಂಡಿಭಾರ ಅಗತ್ಯವಾದರೂ ಅದು ಹೆಚ್ಚಾದಷ್ಟೂ ಒಳ್ಳೆಯದು ಎಂದಲ್ಲ. ಕೊಂಡಿಯು ವಾಹನದ ಹಿಂದಿನ ಅಚ್ಚಿನಿಂದಲೂ ಹಿಂದಕ್ಕೆ ಚಾಚಿರುವುದರಿಂದ ಅಲ್ಲಿ ಬೀಳುವ ಭಾರವು ವಾಹನದ ಮುಂಭಾಗವನ್ನು ಎತ್ತುತ್ತದೆ. ಮುಂದಿನ ಮತ್ತು ಹಿಂದಿನ ಅಚ್ಚುಗಳ ನಡುವೆ 2.6 ಮೀಟರ್ ಅಂತರವಿದ್ದು, ಹಿಂದಿನ ಅಚ್ಚಿನಿಂದ 1 ಮೀಟರ್ ಹಿಂದೆ ಕೊಂಡಿ ಇರುವ ಕಾರಿನಲ್ಲಿ 100 ಕೆ.ಜಿ. ಕೊಂಡಿಭಾರ ಬಿದ್ದರೆ ಹಿಂದಿನ ಅಚ್ಚಿನ ಭಾರ ಸುಮಾರು 138 ಕೆ.ಜಿ. ಏರುತ್ತದೆ, ಮುಂದಿನ ಅಚ್ಚಿನ ಭಾರ ಸುಮಾರು 38 ಕೆ.ಜಿ. ಇಳಿಯುತ್ತದೆ. ಕೊಂಡಿಭಾರ ಅತಿಯಾದಾಗ ಕಾರಿನ ಹಿಂಭಾಗ ಕುಸಿದು ಸ್ಟಿಯರಿಂಗ್ ಹಗುರವಾಗುತ್ತದೆ, ಮುಂಚಕ್ರಗಳ ಬ್ರೇಕ್ ಹಿಡಿತ ತಗ್ಗುತ್ತದೆ, ಹಿಂದಿನ ಟಯರ್‌ಗಳು ಬಿಸಿಯೇರುತ್ತವೆ ಮತ್ತು ರಾತ್ರಿಯಲ್ಲಿ ಹೆಡ್‌ಲೈಟ್‌ಗಳ ಬೆಳಕು ಎದುರಿನ ಚಾಲಕರ ಕಣ್ಣಿಗೆ ಬೀಳುತ್ತದೆ.

ಭಾರವಾದ ಟ್ರೇಲರ್‌ಗಳಿಗೆ ಸ್ಪ್ರಿಂಗ್ ದಂಡಗಳುಳ್ಳ ಭಾರಹಂಚಿಕೆ ಕೊಂಡಿಯನ್ನು ಬಳಸುವುದುಂಟು. ಇದು ಕೊಂಡಿಭಾರದ ಒಂದಷ್ಟು ಪಾಲನ್ನು ವಾಹನದ ಮುಂದಿನ ಅಚ್ಚಿಗೂ ಟ್ರೇಲರ್‌ನ ಅಚ್ಚಿಗೂ ಹಂಚುತ್ತದೆ. ಆದರೆ ತಪ್ಪಾಗಿ ಹೇರಿದ ಹೊರೆಯನ್ನು ಇದು ಸರಿಪಡಿಸುವುದಿಲ್ಲ.

## ಓಲಾಟ

ಟ್ರೇಲರ್ ಕೊಂಡಿಯನ್ನು ಕೇಂದ್ರವಾಗಿಸಿಕೊಂಡು ಎಡಕ್ಕೂ ಬಲಕ್ಕೂ ಬಾಲದಂತೆ ಬೀಸುವುದನ್ನು ಓಲಾಟ ಎನ್ನಲಾಗುತ್ತದೆ. ಅಡ್ಡಗಾಳಿ, ಪಕ್ಕದಲ್ಲಿ ಹಾದುಹೋಗುವ ದೊಡ್ಡ ಲಾರಿ, ರಸ್ತೆಯ ಗುಂಡಿ ಅಥವಾ ಸ್ಟಿಯರಿಂಗ್‌ನ ಹಠಾತ್ ತಿರುವು ಇದನ್ನು ಆರಂಭಿಸಬಹುದು. ಕಡಿಮೆ ವೇಗದಲ್ಲಿ ಟಯರ್‌ಗಳ ಅಡ್ಡಹಿಡಿತವು ಪ್ರತಿ ಬೀಸನ್ನೂ ಹಿಂದಿನದಕ್ಕಿಂತ ಚಿಕ್ಕದಾಗಿಸಿ ಓಲಾಟವನ್ನು ತಣಿಸುತ್ತದೆ. ಪ್ರತಿಯೊಂದು ವಾಹನ-ಟ್ರೇಲರ್ ಜೋಡಿಗೂ ಒಂದು ನಿರ್ಣಾಯಕ ವೇಗವಿದ್ದು, ಅದನ್ನು ದಾಟಿದ ಮೇಲೆ ಪ್ರತಿ ಬೀಸೂ ಹಿಂದಿನದಕ್ಕಿಂತ ದೊಡ್ಡದಾಗುತ್ತಾ ಹೋಗುತ್ತದೆ. ಹಿಂಭಾರವಾದ ಹೊರೆ ಈ ನಿರ್ಣಾಯಕ ವೇಗವನ್ನು ತಗ್ಗಿಸುತ್ತದೆ. ಊರೊಳಗೆ ಯಾವ ತೊಂದರೆಯನ್ನೂ ಕೊಡದ ಟ್ರೇಲರ್ ಹೆದ್ದಾರಿಯಲ್ಲಿ ಏಕಾಏಕಿ ಹತೋಟಿ ತಪ್ಪುವುದಕ್ಕೆ ಇದು ಮುಖ್ಯ ಕಾರಣ.

ಓಲಾಟದ ಮೇಲೆ ಪ್ರಭಾವ ಬೀರುವ ಇತರ ಅಂಶಗಳು:

* ಹೊರೆಯ ಹರಡಿಕೆ: ಭಾರವಾದ ವಸ್ತುಗಳನ್ನು ಟ್ರೇಲರ್‌ನ ಎರಡು ತುದಿಗಳಲ್ಲಿಟ್ಟರೆ ಕೊಂಡಿಭಾರ ಸರಿಯಾಗಿ ಬಂದರೂ ಟ್ರೇಲರ್‌ನ ತಿರುಗು ಜಡತ್ವ ಹೆಚ್ಚುತ್ತದೆ. ಒಮ್ಮೆ ಬೀಸತೊಡಗಿದರೆ ಅದನ್ನು ನಿಲ್ಲಿಸುವುದು ಕಷ್ಟ. ಆದುದರಿಂದ ಅತಿ ಭಾರದ ವಸ್ತುಗಳನ್ನು ಅಚ್ಚಿನ ಹತ್ತಿರ, ಅದರ ತುಸು ಮುಂದೆ ಇರಿಸಬೇಕು.
* ತೂಕದ ಅನುಪಾತ: ಎಳೆಯುವ ವಾಹನಕ್ಕಿಂತ ಟ್ರೇಲರ್ ಹಗುರವಾಗಿದ್ದಷ್ಟೂ ಜೋಡಿ ಸ್ಥಿರವಾಗಿರುತ್ತದೆ. ಬ್ರಿಟನ್‌ನಲ್ಲಿ ಹೊಸ ಚಾಲಕರಿಗೆ ಕ್ಯಾರವಾನ್‌ನ ತೂಕವು ಕಾರಿನ ತೂಕದ ಶೇ. 85ನ್ನು ಮೀರದಿರಲಿ ಎಂಬ ಸಲಹೆ ಪ್ರಚಲಿತವಾಗಿದೆ.
* ಟಯರ್‌ಗಳು: ಗಾಳಿ ಕಡಿಮೆಯಾದ ಟಯರ್‌ಗಳು ಪಕ್ಕಕ್ಕೆ ಬಾಗಿ ಓಲಾಟಕ್ಕೆ ಅವಕಾಶ ಕೊಡುತ್ತವೆ.
* ಮೂಕಿಯ ಉದ್ದ: ಅಚ್ಚಿನಿಂದ ಕೊಂಡಿಗೆ ದೂರ ಹೆಚ್ಚಿರುವ ಟ್ರೇಲರ್ ಸಾಮಾನ್ಯವಾಗಿ ಹೆಚ್ಚು ಸ್ಥಿರ.

ಓಲಾಟ ಆರಂಭವಾದಾಗ ಆಕ್ಸಿಲರೇಟರ್‌ನಿಂದ ಕಾಲು ತೆಗೆದು, ಸ್ಟಿಯರಿಂಗನ್ನು ನೇರವಾಗಿ ಗಟ್ಟಿಯಾಗಿ ಹಿಡಿದು ವೇಗ ತಾನಾಗಿ ಇಳಿಯಲು ಬಿಡುವುದು ಸರಿಯಾದ ಕ್ರಮ. ಟ್ರೇಲರ್‌ನ ಬ್ರೇಕನ್ನು ಪ್ರತ್ಯೇಕವಾಗಿ ಹಾಕುವ ವ್ಯವಸ್ಥೆ ಇದ್ದರೆ ಅದನ್ನು ಮಾತ್ರ ಮೆಲ್ಲನೆ ಬಳಸಬಹುದು. ವಾಹನದ ಬ್ರೇಕನ್ನು ಬಲವಾಗಿ ಒತ್ತುವುದು, ಪ್ರತಿ ಬೀಸಿಗೂ ಎದುರಾಗಿ ಸ್ಟಿಯರಿಂಗ್ ತಿರುಗಿಸುವುದು ಅಥವಾ ವೇಗ ಹೆಚ್ಚಿಸುವುದು ಅಪಾಯವನ್ನು ಹೆಚ್ಚಿಸುತ್ತದೆ. ನಂತರ ಸುರಕ್ಷಿತ ಸ್ಥಳದಲ್ಲಿ ನಿಲ್ಲಿಸಿ ಹೊರೆಯನ್ನು ಮರುಹೊಂದಿಸಬೇಕು.

## ಎತ್ತರ ಮತ್ತು ಅಡ್ಡ ಸಮತೋಲನ

ಗುರುತ್ವ ಕೇಂದ್ರ ಎತ್ತರದಲ್ಲಿದ್ದಷ್ಟೂ ಟ್ರೇಲರ್ ತಿರುವಿನಲ್ಲಿ ಸುಲಭವಾಗಿ ಮಗುಚುತ್ತದೆ. ಸ್ಥೂಲ ಲೆಕ್ಕದಲ್ಲಿ, ಎಡ-ಬಲ ಚಕ್ರಗಳ ನಡುವಣ ಅಗಲದ ಅರ್ಧವನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿದರೆ ಮಗುಚುವ ಮುನ್ನ ತಾಳಬಲ್ಲ ಅಡ್ಡ ವೇಗೋತ್ಕರ್ಷವು ಗುರುತ್ವ ವೇಗೋತ್ಕರ್ಷದ ಎಷ್ಟು ಪಾಲು ಎಂಬುದು ದೊರೆಯುತ್ತದೆ. ಚಕ್ರಗಳ ನಡುವೆ 1.6 ಮೀಟರ್ ಅಗಲವಿರುವ ಟ್ರೇಲರ್‌ನ ಗುರುತ್ವ ಕೇಂದ್ರ 1 ಮೀಟರ್ ಎತ್ತರದಲ್ಲಿದ್ದರೆ ಈ ಪಾಲು 0.8, 2 ಮೀಟರ್ ಎತ್ತರದಲ್ಲಿದ್ದರೆ 0.4. ಮೂವತ್ತು ಮೀಟರ್ ತ್ರಿಜ್ಯದ ತಿರುವಿನಲ್ಲಿ ಮೊದಲನೆಯದು ಗಂಟೆಗೆ ಸುಮಾರು 55 ಕಿ.ಮೀ. ವೇಗದಲ್ಲಿ ಮಗುಚುವ ಹಂತ ತಲುಪಿದರೆ ಎರಡನೆಯದು ಸುಮಾರು 39 ಕಿ.ಮೀ. ವೇಗದಲ್ಲೇ ತಲುಪುತ್ತದೆ. ಟಯರ್ ಮತ್ತು ಸ್ಪ್ರಿಂಗ್‌ಗಳು ಬಾಗುವುದರಿಂದಲೂ ರಸ್ತೆ ಸಮತಟ್ಟಾಗಿರದ ಕಾರಣದಿಂದಲೂ ವಾಸ್ತವದ ಮಿತಿ ಇದಕ್ಕಿಂತ ಕಡಿಮೆಯಿರುತ್ತದೆ.

ಒಣಹುಲ್ಲು, ಹತ್ತಿ, ಕಬ್ಬಿನಂತಹ ಸರಕುಗಳನ್ನು ಎತ್ತರಕ್ಕೆ ಪೇರಿಸುವುದು ರೂಢಿಯಾದುದರಿಂದ ಈ ಅಪಾಯ ಅವುಗಳಲ್ಲಿ ಹೆಚ್ಚು. ಭಾರವಾದ ಸರಕನ್ನು ತಳದಲ್ಲಿ, ಹಗುರವಾದುದನ್ನು ಮೇಲೆ ಇಡಬೇಕು. ಎಡ ಮತ್ತು ಬಲ ಬದಿಗಳ ಭಾರ ಸಮನಾಗಿರಬೇಕು. ಇಲ್ಲದಿದ್ದರೆ ಒಂದು ಬದಿಯ ಟಯರ್ ಮತ್ತು ಸ್ಪ್ರಿಂಗ್ ಮಿತಿಮೀರಿದ ಭಾರ ಹೊರುತ್ತವೆ ಮತ್ತು ಬ್ರೇಕ್ ಹಾಕಿದಾಗ ಟ್ರೇಲರ್ ಒಂದು ಪಕ್ಕಕ್ಕೆ ಎಳೆಯುತ್ತದೆ.

ಅಲುಗಾಡುವ ಸರಕು ಸಮತೋಲನವನ್ನು ದಾರಿಯಲ್ಲೇ ಬದಲಾಯಿಸುತ್ತದೆ. ಅರ್ಧ ತುಂಬಿದ ನೀರಿನ ಟ್ಯಾಂಕರ್‌ನಲ್ಲಿ ಬ್ರೇಕ್ ಹಾಕಿದಾಗ ನೀರು ಮುಂದಕ್ಕೆ, ತಿರುವಿನಲ್ಲಿ ಪಕ್ಕಕ್ಕೆ ನುಗ್ಗುತ್ತದೆ. ಇದನ್ನು ತಗ್ಗಿಸಲು ಟ್ಯಾಂಕಿನೊಳಗೆ ರಂಧ್ರಗಳುಳ್ಳ ಅಡ್ಡತಗಡುಗಳನ್ನು ಅಳವಡಿಸಲಾಗುತ್ತದೆ. ಪೂರ್ತಿ ತುಂಬಿದ ಅಥವಾ ಪೂರ್ತಿ ಖಾಲಿಯಾದ ಟ್ಯಾಂಕಿನಲ್ಲಿ ಈ ಸಮಸ್ಯೆ ಇರುವುದಿಲ್ಲ. ಜಾನುವಾರು, ಮರದ ದಿಮ್ಮಿ, ಡ್ರಮ್ಮುಗಳನ್ನು ಸಾಗಿಸುವಾಗಲೂ ಅವು ಸರಿಯದಂತೆ ಅಡ್ಡಗಟ್ಟು ಅಥವಾ ಬಿಗಿಯಾದ ಕಟ್ಟು ಅಗತ್ಯ.

## ಉದಾಹರಣೆ: ಕಾರು ಸಾಗಿಸುವ ಟ್ರೇಲರ್

ಟ್ರೇಲರ್‌ನ ಮೇಲೆ ಕಾರನ್ನು ಸಾಗಿಸುವಾಗ ಇಡೀ ಹೊರೆ ಒಂದೇ ವಸ್ತುವಾಗಿರುವುದರಿಂದ ಲೆಕ್ಕ ಹಾಕುವುದು ಸುಲಭ. ಖಾಲಿ ಟ್ರೇಲರ್‌ನ ತೂಕ 500 ಕೆ.ಜಿ., ಖಾಲಿಯಿದ್ದಾಗಿನ ಕೊಂಡಿಭಾರ 40 ಕೆ.ಜಿ., ಅಚ್ಚಿನಿಂದ ಕೊಂಡಿಗೆ 4 ಮೀಟರ್, ಕಾರಿನ ತೂಕ 1000 ಕೆ.ಜಿ. ಎಂದುಕೊಂಡರೆ ಒಟ್ಟು ತೂಕ 1500 ಕೆ.ಜಿ. ಶೇ. 10ರಷ್ಟು, ಅಂದರೆ 150 ಕೆ.ಜಿ. ಕೊಂಡಿಭಾರ ಬೇಕಾದರೆ ಕಾರಿನಿಂದ 110 ಕೆ.ಜಿ. ಬರಬೇಕು. ಇದಕ್ಕಾಗಿ ಕಾರಿನ ಗುರುತ್ವ ಕೇಂದ್ರ ಅಚ್ಚಿಗಿಂತ 44 ಸೆಂ.ಮೀ. ಮುಂದಿರಬೇಕು.

ಆ ಕಾರಿನ ಮುಂದಿನ ಮತ್ತು ಹಿಂದಿನ ಚಕ್ರಗಳ ನಡುವೆ 2.4 ಮೀಟರ್ ಅಂತರವಿದ್ದು, ಎಂಜಿನ್ ಮುಂದಿರುವ ಕಾರಣ ತೂಕದ ಶೇ. 55 ಪಾಲು ಮುಂಚಕ್ರಗಳ ಮೇಲಿದ್ದರೆ, ಗುರುತ್ವ ಕೇಂದ್ರವು ಮುಂಚಕ್ರದಿಂದ 1.08 ಮೀಟರ್ ಹಿಂದಿರುತ್ತದೆ. ಹಾಗಾಗಿ ಕಾರಿನ ಮುಂಚಕ್ರಗಳು ಟ್ರೇಲರ್‌ನ ಅಚ್ಚಿಗಿಂತ 1.52 ಮೀಟರ್ ಮುಂದೆ ನಿಲ್ಲಬೇಕು. ಇದೇ ಕಾರನ್ನು ಹಿಮ್ಮುಖವಾಗಿ ಹತ್ತಿಸಿ, ಹಿಂಚಕ್ರಗಳನ್ನು ಅದೇ ಗುರುತಿನಲ್ಲಿ ನಿಲ್ಲಿಸಿದರೆ ಗುರುತ್ವ ಕೇಂದ್ರ 24 ಸೆಂ.ಮೀ. ಹಿಂದಕ್ಕೆ ಹೋಗಿ, ಒಟ್ಟು ಕೊಂಡಿಭಾರ 90 ಕೆ.ಜಿ.ಗೆ, ಅಂದರೆ ಶೇ. 6ಕ್ಕೆ ಇಳಿಯುತ್ತದೆ. ಈ ಟ್ರೇಲರ್‌ನಲ್ಲಿ ಕಾರನ್ನು 10 ಸೆಂ.ಮೀ. ಸರಿಸಿದರೆ ಕೊಂಡಿಭಾರ 25 ಕೆ.ಜಿ. ಬದಲಾಗುತ್ತದೆ. ಸರಿಯಾದ ಜಾಗ ಒಮ್ಮೆ ಖಚಿತವಾದ ಮೇಲೆ ಹಲಗೆಯ ಮೇಲೆ ಬಣ್ಣದ ಗುರುತು ಹಾಕಿಕೊಂಡರೆ ಮುಂದಿನ ಬಾರಿ ಅದೇ ಕಾರಿಗೆ ಮತ್ತೆ ಅಳೆಯಬೇಕಾಗುವುದಿಲ್ಲ.

ಕಾರು ಇಳಿಜಾರು ಹಲಗೆಯಿಂದ ಟ್ರೇಲರ್ ಏರುವ ಹೊತ್ತಿನಲ್ಲಿ ಅದರ ಭಾರವೆಲ್ಲ ಹಿಂತುದಿಯಲ್ಲಿರುತ್ತದೆ. ಆಗ ಕೊಂಡಿ ಮೇಲಕ್ಕೆ ಎಳೆಯಲ್ಪಟ್ಟು ಎಳೆಯುವ ವಾಹನದ ಹಿಂಚಕ್ರಗಳು ಹಗುರವಾಗುತ್ತವೆ. ಹ್ಯಾಂಡ್‌ಬ್ರೇಕ್ ಸಾಮಾನ್ಯವಾಗಿ ಹಿಂಚಕ್ರಗಳನ್ನೇ ಹಿಡಿಯುವುದರಿಂದ ಇಡೀ ಜೋಡಿ ಉರುಳಿಹೋಗುವ ಸಾಧ್ಯತೆ ಇದೆ. ಟ್ರೇಲರ್‌ನ ಹಿಂತುದಿಗೆ ಆನಿಕೆ ಕೊಡುವುದು ಮತ್ತು ವಾಹನದ ಚಕ್ರಗಳಿಗೆ ಅಡ್ಡಗಲ್ಲು ಇಡುವುದು ಇದನ್ನು ತಡೆಯುತ್ತದೆ.

## ಕೊಂಡಿಭಾರವನ್ನು ಅಳೆಯುವ ವಿಧಾನಗಳು

ಟ್ರೇಲರ್ ಸಮತಟ್ಟು ನೆಲದಲ್ಲಿದ್ದು, ಅದರ ಮುಂತುದಿ ಜೋಡಿಸಿದಾಗ ಇರುವ ಎತ್ತರದಲ್ಲೇ ಇರುವಂತೆ ಮಾಡಿ, ಚಕ್ರಗಳಿಗೆ ಅಡ್ಡಗಲ್ಲು ಇಟ್ಟು ಅಳೆಯಬೇಕು.

1. ನೇರ ತೂಕ: ಸಣ್ಣ ಟ್ರೇಲರ್‌ಗಳಲ್ಲಿ ಮುಂತುದಿಯನ್ನು ಒಂದು ಗಟ್ಟಿ ಮರದ ತುಂಡಿನ ಮೂಲಕ ಮನೆಬಳಕೆಯ ತೂಕದ ಯಂತ್ರದ ಮೇಲೆ ಇಳಿಸಿ ಓದಬಹುದು.
2. ತೊಲೆಯ ವಿಧಾನ: ಭಾರ ಯಂತ್ರದ ಮಿತಿಯನ್ನು ಮೀರುವಂತಿದ್ದರೆ ಗಟ್ಟಿಯಾದ ತೊಲೆಯ ಒಂದು ತುದಿಯನ್ನು ಇಟ್ಟಿಗೆಯ ಮೇಲೂ ಅಲ್ಲಿಂದ 1.2 ಮೀಟರ್ ದೂರದ ಮತ್ತೊಂದು ತುದಿಯನ್ನು ತೂಕದ ಯಂತ್ರದ ಮೇಲೂ ಇರಿಸಲಾಗುತ್ತದೆ. ಇಟ್ಟಿಗೆಯ ತುದಿಯಿಂದ 30 ಸೆಂ.ಮೀ. ದೂರದಲ್ಲಿ ಟ್ರೇಲರ್‌ನ ಮುಂತುದಿಯನ್ನು ಇಳಿಸಿದರೆ ಯಂತ್ರವು ಕೊಂಡಿಭಾರದ ಕಾಲುಭಾಗವನ್ನು ತೋರಿಸುತ್ತದೆ. ತೊಲೆಯ ಭಾರಕ್ಕೆ ಯಂತ್ರ ಮೊದಲೇ ತೋರಿಸುವ ಅಂಕಿಯನ್ನು ಕಳೆದು, ಉಳಿದುದನ್ನು ನಾಲ್ಕರಿಂದ ಗುಣಿಸಬೇಕು.
3. ವೇಬ್ರಿಡ್ಜ್ ವಿಧಾನ: ಟ್ರೇಲರನ್ನು ಕೊಂಡಿಯಿಂದ ಬಿಡಿಸಿ ಒಟ್ಟು ತೂಕವನ್ನು ತೆಗೆದುಕೊಳ್ಳಲಾಗುತ್ತದೆ. ನಂತರ ವಾಹನಕ್ಕೆ ಜೋಡಿಸಿ ಟ್ರೇಲರ್‌ನ ಚಕ್ರಗಳು ಮಾತ್ರ ವೇಬ್ರಿಡ್ಜ್‌ನ ಮೇಲೆ ಇರುವಂತೆ ನಿಲ್ಲಿಸಿ ತೂಗಲಾಗುತ್ತದೆ. ಎರಡರ ವ್ಯತ್ಯಾಸವೇ ಕೊಂಡಿಭಾರ.

ಸರಕಿನ ಸುಮಾರು ಶೇ. 60 ಭಾಗವನ್ನು ಟ್ರೇಲರ್‌ನ ಮುಂದಿನ ಅರ್ಧದಲ್ಲಿ ಇಡಬೇಕೆಂಬ ಸ್ಥೂಲ ಸೂತ್ರ ಬಳಕೆಯಲ್ಲಿದೆ. ಅಚ್ಚು ಟ್ರೇಲರ್‌ನ ಮಧ್ಯದಿಂದ ಎಷ್ಟು ಹಿಂದಿದೆ ಎಂಬುದನ್ನು ಇದು ಪರಿಗಣಿಸುವುದಿಲ್ಲವಾದ್ದರಿಂದ ಇದು ಅಳತೆಗೆ ಬದಲಿಯಾಗದು.

## ಹೇರುವ ಮತ್ತು ಇಳಿಸುವ ಕ್ರಮ

ಒಂದೇ ಅಚ್ಚಿನ ಟ್ರೇಲರ್‌ಗೆ ಸರಕನ್ನು ಮುಂದಿನಿಂದ ಹಿಂದಕ್ಕೆ ಹೇರಬೇಕು ಮತ್ತು ಹಿಂದಿನಿಂದ ಮುಂದಕ್ಕೆ ಇಳಿಸಬೇಕು. ಮುಂದಿನ ಸರಕನ್ನು ಮೊದಲು ಇಳಿಸಿದರೆ ಉಳಿದ ಹೊರೆ ಹಿಂಭಾರವಾಗುತ್ತದೆ. ವಾಹನಕ್ಕೆ ಜೋಡಿಸದೆ ನಿಲ್ಲಿಸಿದ ಟ್ರೇಲರ್‌ನಲ್ಲಿ ಹೀಗಾದರೆ ಮೂಕಿ ಒಮ್ಮೆಗೇ ಮೇಲಕ್ಕೆ ಚಿಮ್ಮಿ, ಮುಂದೆ ನಿಂತವರಿಗೆ ಮೂಕಿಯೂ ಹಿಂದೆ ನಿಂತವರಿಗೆ ಜಾರಿಬೀಳುವ ಸರಕೂ ಬಡಿಯುತ್ತವೆ. ಹಿಂಭಾರವಾಗಿರುವ ಟ್ರೇಲರ್‌ನ ಕೊಂಡಿಯ ಪಿನ್ನನ್ನು ತೆಗೆಯುವಾಗಲೂ ಇದೇ ಅಪಾಯವಿದೆ. ಆದ್ದರಿಂದ ಹೇರುವ ಮತ್ತು ಇಳಿಸುವ ಕೆಲಸವನ್ನು ಟ್ರೇಲರ್ ವಾಹನಕ್ಕೆ ಜೋಡಿಸಿರುವಾಗಲೇ ಮಾಡುವುದು ಮತ್ತು ಮೂಕಿಯ ಮೇಲೆ ಬಾಗಿ ನಿಲ್ಲದಿರುವುದು ಸುರಕ್ಷಿತ.

ಹೇರಿದ ನಂತರ ಹಗ್ಗ, ಪಟ್ಟಿ ಅಥವಾ ಸರಪಳಿಗಳಿಂದ ಸರಕನ್ನು ಬಿಗಿಯಬೇಕು. ಸ್ವಲ್ಪ ದೂರ ಸಾಗಿದ ಮೇಲೆ ಸರಕು ಕುಳಿತು ಕಟ್ಟು ಸಡಿಲಗೊಳ್ಳುವುದರಿಂದ ಒಮ್ಮೆ ನಿಲ್ಲಿಸಿ ಮತ್ತೆ ಬಿಗಿಯುವುದು ಅಗತ್ಯ. ಕಾರಿನ ಟ್ರೇಲರ್‌ಗಳಲ್ಲಿ ಸುರಕ್ಷಾ ಸರಪಳಿಗಳನ್ನು ಮೂಕಿಯ ಕೆಳಗೆ ಕತ್ತರಿಯಾಕಾರದಲ್ಲಿ ಹಾಯಿಸಿ ಕಟ್ಟುತ್ತಾರೆ. ಕೊಂಡಿ ಕಳಚಿದರೂ ಮೂಕಿ ನೆಲಕ್ಕೆ ಬೀಳದೆ ಆ ಸರಪಳಿಗಳ ಮೇಲೆ ನಿಲ್ಲುತ್ತದೆ.

## ಟ್ರ್ಯಾಕ್ಟರ್ ಟ್ರೇಲರ್‌ಗಳು

ಕರ್ನಾಟಕದಲ್ಲಿ ಹೆಚ್ಚು ಬಳಕೆಯಲ್ಲಿರುವುದು ಟ್ರ್ಯಾಕ್ಟರ್ ಎಳೆಯುವ ಎರಡು ಚಕ್ರದ ಮತ್ತು ನಾಲ್ಕು ಚಕ್ರದ ಟ್ರೇಲರ್‌ಗಳು. ಕಬ್ಬು ನುರಿಸುವ ಹಂಗಾಮಿನಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಮಂಡ್ಯ ಮೊದಲಾದ ಜಿಲ್ಲೆಗಳ ರಸ್ತೆಗಳಲ್ಲಿ ಕಬ್ಬು ತುಂಬಿದ ಟ್ರೇಲರ್‌ಗಳು ಸಾಮಾನ್ಯ ದೃಶ್ಯ. ಒಂದರ ಹಿಂದೆ ಒಂದರಂತೆ ಎರಡು ಟ್ರೇಲರ್‌ಗಳನ್ನು ಎಳೆಯುವುದೂ ಉಂಟು. ಇವುಗಳ ವೇಗ ಕಡಿಮೆಯಾದ್ದರಿಂದ ಓಲಾಟಕ್ಕಿಂತ ಮುಂಚಕ್ರಗಳ ಏಳುವಿಕೆ, ಮಗುಚುವಿಕೆ ಮತ್ತು ಇಳಿಜಾರಿನಲ್ಲಿ ಟ್ರೇಲರ್ ಹಿಂದಿನಿಂದ ತಳ್ಳುವಿಕೆ ಮುಖ್ಯ ಅಪಾಯಗಳಾಗಿವೆ.

ಟ್ರ್ಯಾಕ್ಟರ್‌ನ ತೂಕ 2000 ಕೆ.ಜಿ., ಅದರಲ್ಲಿ 800 ಕೆ.ಜಿ. ಮುಂದಿನ ಅಚ್ಚಿನ ಮೇಲೆ, ಅಚ್ಚುಗಳ ನಡುವಣ ಅಂತರ 2 ಮೀಟರ್, ಕೊಂಡಿ ಹಿಂದಿನ ಅಚ್ಚಿನಿಂದ 70 ಸೆಂ.ಮೀ. ಹಿಂದೆ ಮತ್ತು ನೆಲದಿಂದ 50 ಸೆಂ.ಮೀ. ಎತ್ತರದಲ್ಲಿದೆ ಎಂದುಕೊಂಡರೆ, 600 ಕೆ.ಜಿ. ಕೊಂಡಿಭಾರವು ಮುಂದಿನ ಅಚ್ಚಿನಿಂದ 210 ಕೆ.ಜಿ. ಕಳೆಯುತ್ತದೆ. ಏರಿನಲ್ಲಿ 800 ಕೆ.ಜಿ.ಯಷ್ಟು ಎಳೆತ ಬೇಕಾದಾಗ ಅದು ಇನ್ನೂ 200 ಕೆ.ಜಿ. ಕಳೆಯುತ್ತದೆ. ಮುಂಚಕ್ರಗಳ ಮೇಲೆ ಉಳಿಯುವುದು ಮೊದಲಿನ ಅರ್ಧಕ್ಕಿಂತ ಕಡಿಮೆ, ಸುಮಾರು 390 ಕೆ.ಜಿ. ಸ್ಟಿಯರಿಂಗ್ ಆಗ ಸರಿಯಾಗಿ ಕೆಲಸ ಮಾಡುವುದಿಲ್ಲ. ಕ್ಲಚ್ಚನ್ನು ಒಮ್ಮೆಗೇ ಬಿಟ್ಟರೆ ಮುಂಭಾಗ ಮೇಲೆದ್ದು ಟ್ರ್ಯಾಕ್ಟರ್ ಹಿಂದಕ್ಕೆ ಮಗುಚಬಹುದು. ಕೊಂಡಿ ಎತ್ತರದಲ್ಲಿದ್ದಷ್ಟೂ ಈ ಅಪಾಯ ಹೆಚ್ಚುವುದರಿಂದ ಟ್ರೇಲರನ್ನು ತಯಾರಕರು ಸೂಚಿಸಿದ ಕೊಂಡಿಗೇ ಜೋಡಿಸಬೇಕು. ಹಿಂದಿನ ಅಚ್ಚಿಗಿಂತ ಮೇಲಿನ ಯಾವುದೇ ಭಾಗಕ್ಕೆ ಕಟ್ಟಿ ಎಳೆಯಬಾರದು. ಮುಂಭಾಗಕ್ಕೆ ಕಬ್ಬಿಣದ ಹೆಚ್ಚುವರಿ ತೂಕಗಳನ್ನು ಅಳವಡಿಸುವುದರಿಂದ ಹಿಡಿತ ಒಂದಿಷ್ಟು ಸುಧಾರಿಸುತ್ತದೆ.

ಸ್ವಂತ ಬ್ರೇಕ್ ಇಲ್ಲದ ಟ್ರೇಲರ್‌ಗಳಲ್ಲಿ ನಿಲ್ಲಿಸುವ ಕೆಲಸವೆಲ್ಲ ಟ್ರ್ಯಾಕ್ಟರ್‌ನ ಮೇಲೆ ಬೀಳುತ್ತದೆ. ಇಳಿಜಾರಿನ ತಿರುವಿನಲ್ಲಿ ಟ್ರೇಲರ್ ತಳ್ಳಿದಾಗ ಎರಡೂ ಚಾಕುವಿನಂತೆ ಮಡಚಿಕೊಳ್ಳಬಹುದು. ಇಳಿಜಾರು ಆರಂಭವಾಗುವ ಮೊದಲೇ ಕೆಳ ಗೇರಿಗೆ ಬರುವುದು ಮತ್ತು ರಸ್ತೆಯಲ್ಲಿ ಸಾಗುವಾಗ ಟ್ರ್ಯಾಕ್ಟರ್‌ನ ಎಡ-ಬಲ ಬ್ರೇಕ್ ಪೆಡಲ್‌ಗಳನ್ನು ಪಟ್ಟಿಯಿಂದ ಒಂದಾಗಿ ಸೇರಿಸಿರುವುದು ಅಗತ್ಯ. ಹೈಡ್ರಾಲಿಕ್‌ನಿಂದ ಎತ್ತಿ ಸುರಿಯುವ ಟ್ರೇಲರ್‌ಗಳಲ್ಲಿ ಡಬ್ಬಿ ಮೇಲೆದ್ದಂತೆ ಗುರುತ್ವ ಕೇಂದ್ರ ಹಿಂದಕ್ಕೂ ಮೇಲಕ್ಕೂ ಸರಿಯುವುದರಿಂದ ಸಮತಟ್ಟು ನೆಲದಲ್ಲಿ ಮಾತ್ರ ಸುರಿಯಬೇಕು.

## ಭಾರತದ ಕಾನೂನು

ಮೋಟಾರು ವಾಹನಗಳ ಕಾಯ್ದೆ, 1988ರ ಕಲಂ 2(46) ಟ್ರೇಲರ್ ಎಂಬುದನ್ನು ವ್ಯಾಖ್ಯಾನಿಸುತ್ತದೆ. ಅದರಂತೆ ಸೆಮಿ-ಟ್ರೇಲರ್ ಮತ್ತು ಸೈಡ್‌ಕಾರ್‌ಗಳನ್ನು ಬಿಟ್ಟು, ಮೋಟಾರು ವಾಹನ ಎಳೆಯುವ ಅಥವಾ ಎಳೆಯಲು ಉದ್ದೇಶಿಸಿದ ಯಾವುದೇ ವಾಹನ ಟ್ರೇಲರ್ ಆಗುತ್ತದೆ. ನೋಂದಣಿ ಪತ್ರದಲ್ಲಿ ನಮೂದಿಸಿದ ಒಟ್ಟು ತೂಕವನ್ನು ಮೀರಿ ವಾಹನ ಅಥವಾ ಟ್ರೇಲರನ್ನು ಚಲಾಯಿಸುವುದನ್ನು ಕಲಂ 113 ನಿಷೇಧಿಸುತ್ತದೆ. ವಾಹನವನ್ನು ತೂಗಿಸುವ ಅಧಿಕಾರವನ್ನು ಕಲಂ 114 ನೀಡುತ್ತದೆ. 2019ರ ತಿದ್ದುಪಡಿಯ ನಂತರ ಕಲಂ 194ರ ಅಡಿಯಲ್ಲಿ ಮಿತಿಮೀರಿದ ಹೊರೆಗೆ 20,000 ರೂ. ದಂಡವನ್ನೂ ಹೆಚ್ಚುವರಿ ಪ್ರತಿ ಟನ್ನಿಗೆ 2,000 ರೂ.ಗಳನ್ನೂ ವಿಧಿಸಲಾಗುತ್ತದೆ. ಹೆಚ್ಚುವರಿ ಸರಕನ್ನು ಇಳಿಸುವ ವೆಚ್ಚವನ್ನೂ ತಪ್ಪಿತಸ್ಥರೇ ಭರಿಸಬೇಕು. ಪಕ್ಕಕ್ಕೆ, ಮುಂದಕ್ಕೆ, ಹಿಂದಕ್ಕೆ ಅಥವಾ ಅನುಮತಿಸಿದ ಎತ್ತರದಾಚೆಗೆ ಚಾಚಿದ ಸರಕಿಗೂ 20,000 ರೂ. ದಂಡವಿದೆ.

ಈ ಕಲಂಗಳು ತೂಕ ಮತ್ತು ಸರಕಿನ ಚಾಚಿಕೆಗೆ ಸಂಬಂಧಿಸಿದವು; ಕೊಂಡಿಭಾರದ ಪ್ರಮಾಣವನ್ನು ಅವು ನಿಗದಿಪಡಿಸುವುದಿಲ್ಲ. ಆದುದರಿಂದ ವೇಬ್ರಿಡ್ಜ್‌ನಲ್ಲಿ ಒಟ್ಟು ತೂಕ ಮಿತಿಯೊಳಗೆ ಬಂದ ಟ್ರೇಲರ್ ಕೂಡ ಅಸಮತೋಲನದಿಂದ ಅಪಾಯಕಾರಿಯಾಗಿರಬಹುದು. ಹೊರೆಯ ಹಂಚಿಕೆಯನ್ನು ಹೊರಡುವ ಮೊದಲು ಪ್ರತ್ಯೇಕವಾಗಿ ಪರೀಕ್ಷಿಸಬೇಕಾಗುತ್ತದೆ.